ಸಿಮ್ಯುಲೇಟರಿನಲ್ಲಿ ನಾಲ್ಕು ಆಯ್ಕೆ ಕೊಡಲ್ಲ

ನಮ್ಮ ದೊಡ್ಡಪ್ಪನ ಮಗ, ಪಿರಿಯಾಪಟ್ಟಣ ತಾಲ್ಲೂಕಿನವನು, ಮೆಕ್ಯಾನಿಕಲ್ ಮುಗಿಸಿ ಆಮೇಲೆ ಪೈಲಟ್ ಲೈಸೆನ್ಸ್ ಮಾಡಿಕೊಂಡ. ಕಳೆದ ವರ್ಷ ಒಂದು ಏರ್‌ಲೈನ್‌ಗೆ ಆಯ್ಕೆಯೂ ಆದ. ಟ್ರೈನಿಂಗ್ ಶುರುವಾಗೋಕೆ ಇನ್ನೂ ಆರು ವಾರ ಇರುವಾಗ ಊರಿಗೆ ಬಂದಿದ್ದ. ಹೊಗೆಸೊಪ್ಪು ಬೇಯಿಸುವ ಕಾಲ. ದೊಡ್ಡಪ್ಪ ಬ್ಯಾರನ್ ಮುಂದೆ ಸೌದೆ ಹಾಕುತ್ತಾ ಕೂತಿದ್ದರೆ, ಅಣ್ಣ ಜಗಲಿ ಮೇಲೆ ಟ್ಯಾಬ್ಲೆಟ್ ಹಿಡಿದು ಕೂತಿದ್ದ. ಅದರಲ್ಲಿ ಏನೇನಿದೆ ಅಂತ ನನಗೆ ತೋರಿಸಿದ. ನಲವತ್ತು ಜಿಬಿ ಪಿಡಿಎಫ್, ದುಡ್ಡು ಕೊಟ್ಟು ತಗೊಂಡ ಮೂರು ಆ್ಯಪ್, ಟೆಲಿಗ್ರಾಂನಿಂದ ಇಳಿಸಿದ ಯಾರದೋ ನೋಟ್ಸ್, ಎರಡು ವಿಡಿಯೊ ಕೋರ್ಸ್.

ದೊಡ್ಡಪ್ಪ ಅಲ್ಲಿಂದಲೇ ಕೇಳಿದರು: "ಅಷ್ಟೂ ಓದ್ತೀಯೇನ್ಲಾ?"

"ಓದಲ್ಲಪ್ಪ, ಇರಲಿ ಅಂತ."

ಈ "ಇರಲಿ ಅಂತ" ಬಗ್ಗೆಯೇ ನಾನು ಬರೀತಿರೋದು. ನಮ್ಮ ಕ್ಯಾಂಪಸ್ಸಿನಲ್ಲೂ ಬಿ.ಇ. ಮುಗಿಸಿ ಪೈಲಟ್ ಆಗಬೇಕು ಅನ್ನೋರು ಇದ್ದಾರೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದವರೂ ಇದ್ದಾರೆ. ದಾರಿ ಅವರಿಗೆ ಗೊತ್ತಿರುತ್ತೆ: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್, ಡಿಜಿಸಿಎ ಪೇಪರ್‌ಗಳಲ್ಲಿ ನೂರಕ್ಕೆ 70, ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ. ಖರ್ಚು ಅರ್ಧ ಕೋಟಿ ಆಸುಪಾಸು, ಅಂದರೆ ನಮ್ಮ ಕಡೆ ಒಂದೋ ಜಮೀನು, ಇಲ್ಲಾಂದ್ರೆ ಸಾಲ. ಆದರೆ ಕೆಲಸ ಸಿಕ್ಕ ಮೇಲೆ ಇನ್ನೊಂದು ಬಾಗಿಲು ಇದೆ ಅನ್ನೋದನ್ನ ಯಾರೂ ಜಾಸ್ತಿ ಮಾತಾಡಲ್ಲ. ಏರ್‌ಲೈನ್ ಓಡಿಸುವ ವಿಮಾನಕ್ಕೇ ಅಂತ ಟೈಪ್ ರೇಟಿಂಗ್ ಮಾಡಬೇಕು. ಮೊದಲು ಕ್ಲಾಸ್‌ರೂಮ್, ಆಮೇಲೆ ಸ್ವಿಚ್ ಅಭ್ಯಾಸ ಮಾಡೋ ಪ್ರೊಸೀಜರ್ ಟ್ರೈನರ್, ಆಮೇಲೆ ಸಿಮ್ಯುಲೇಟರ್, ಕೊನೆಗೆ ಪರೀಕ್ಷೆ. ಎಲ್ಲವೂ ವಾರಗಳ ಲೆಕ್ಕದಲ್ಲಿ ಮುಗಿದುಹೋಗುತ್ತೆ. ಸಿಮ್ಯುಲೇಟರ್ ಸೆಷನ್‌ಗಳು ಎಣಿಸಿಟ್ಟ ಹಾಗೆ ಇರುತ್ತವೆ. ಅಲ್ಲಿ ಎಡವಿದರೆ ಸಾಲ ಮಾತ್ರ ಮನೆಗೆ ಬರುತ್ತೆ.

ಆ ಭಯಕ್ಕೇ ನಮ್ಮ ಹುಡುಗರು ಸಿಕ್ಕಿದ್ದೆಲ್ಲ ಕೊಂಡುಕೊಳ್ಳೋದು. ಮನೆಯಲ್ಲಿ ಕೇಳೋಕೆ ಪೈಲಟ್ ಮಾವ ಇಲ್ಲ, ಪಕ್ಕದ ಬೀದಿಯಲ್ಲಿ ಕ್ಯಾಪ್ಟನ್ ಇಲ್ಲ. ಹಾಗಾಗಿ ಯಾರು ಏನು ಮಾರಿದರೂ "ಬೇಕಾಗಬಹುದು" ಅನ್ಸುತ್ತೆ. ನನ್ನ ಅಭಿಪ್ರಾಯ ಇಷ್ಟೇ: ಓದೋ ಸಾಮಗ್ರಿ ಕಮ್ಮಿ ಇರಬೇಕು, ಮತ್ತು ಅದು ನಿಮಗೆ ಹೇಳುವಂಥದ್ದಕ್ಕಿಂತ ನಿಮ್ಮನ್ನ ಕೇಳುವಂಥದ್ದಾಗಿರಬೇಕು.

ಮೊದಲು ಕ್ವೆಶ್ಚನ್ ಬ್ಯಾಂಕ್ ವಿಷಯ. ಡಿಜಿಸಿಎ ಪೇಪರ್‌ಗೆ ಅದು ಕೆಲಸಕ್ಕೆ ಬರುತ್ತೆ, ನಾನು ಇಲ್ಲ ಅನ್ನಲ್ಲ. ಅಣ್ಣನೂ ಅದರಲ್ಲೇ ಪಾಸಾದ. ಅದೇ ಅಭ್ಯಾಸ ಟ್ರೈನಿಂಗ್‌ಗೂ ಹೊತ್ಕೊಂಡು ಹೋದ. ಮೂರನೇ ವಾರದಲ್ಲಿ ಇನ್‌ಸ್ಟ್ರಕ್ಟರ್ ಕಾಕ್‌ಪಿಟ್ ತಯಾರಿ ಮಾಡು ಅಂದಾಗ ತಲೆಯ ಮೇಲಿನ ಪ್ಯಾನಲ್ ಹತ್ತಿರ ಕೈ ಸುಮ್ಮನೆ ಸುತ್ತಾಡಿತಂತೆ. ಉತ್ತರ ನೋಡಿದರೆ ಗುರುತು ಹಿಡಿಯೋಕೆ ಬರ್ತಿತ್ತು, ತಾನಾಗಿ ನೆನಪಿಸಿಕೊಳ್ಳೋಕೆ ಬರ್ತಿರಲಿಲ್ಲ. "ಅಲ್ಲಿ ಎ, ಬಿ, ಸಿ, ಡಿ ಬರಲ್ಲ ಕಣೋ" ಅಂತ ಫೋನಿನಲ್ಲಿ ಹೇಳಿದ.

ಎರಡನೆಯದು, ಬೇರೆಯವರ ನೋಟ್ಸ್. ಒಂದು ಉದಾಹರಣೆ ನೋಡಿ. ಹಳೆ ಎಂಜಿನ್ನಿನ ಎ320ಯಲ್ಲಿ ಫ್ಲ್ಯಾಪ್ ಪೂರ್ತಿ ಇಳಿಸಿದಾಗ ದಾಟಬಾರದ ವೇಗ 177 ನಾಟ್. ಅದೇ ಪೀಳಿಗೆಯ ಎ321ರಲ್ಲಿ ಅದು 190. ಎರಡೂ ಒಂದೇ ಕುಟುಂಬದ ವಿಮಾನ, ಕಾಕ್‌ಪಿಟ್ ಕೂಡ ಹೆಚ್ಚುಕಮ್ಮಿ ಒಂದೇ. ಯಾರೋ ಮಾಡಿದ ಫ್ಲ್ಯಾಶ್ ಕಾರ್ಡ್ ಇಳಿಸ್ಕೊಂಡು ಉರು ಹೊಡೆದರೆ ಯಾವ ವಿಮಾನದ ಸಂಖ್ಯೆ ತಲೆಗೆ ಹೋಯಿತು ಅಂತ ನಿಮಗೇ ಗೊತ್ತಾಗಲ್ಲ. ಸಂಖ್ಯೆ ಬಿಡಿ, ಯಾರು ಯಾವಾಗ ಯಾವ ಮಾತು ಹೇಳಬೇಕು, ಯಾವ ಕ್ರಮದಲ್ಲಿ ಕೈ ಆಡಬೇಕು ಅನ್ನೋದು ಕೂಡ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತೆ. ತಪ್ಪು ಕ್ರಮ ಒಂದು ಸಲ ಕೈಗೆ ಕೂತರೆ ಬಿಡಿಸೋದು ಹೊಸದು ಕಲಿಯೋದಕ್ಕಿಂತ ಕಷ್ಟ.

ಇದನ್ನ ದೊಡ್ಡಪ್ಪನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಸೊಪ್ಪು ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಒಂದೊಂದು ಹಂತಕ್ಕೂ ಒಂದೊಂದು ಬಿಸಿ. ಆ ಲೆಕ್ಕ ಎಲ್ಲರಿಗೂ ಗೊತ್ತು. "ಆದ್ರೆ ಪಕ್ಕದ ಮನೆಯವ್ರ ಬ್ಯಾರನ್ ಲೆಕ್ಕ ನಮ್ ಬ್ಯಾರನ್‌ಗೆ ಹಾಕುದ್ರೆ ಸೊಪ್ಪು ಕೆಡ್ತದೆ" ಅಂದರು. ಅವರು ನಂಬೋದು ತಮ್ಮ ಬ್ಯಾರನ್ನಿನ ಥರ್ಮಾಮೀಟರನ್ನ.

ಮೂರನೆಯದು ವಿಡಿಯೊ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕ್ಕೊಂಡು ಹೋಗೋ ಗೆಳೆಯರು ನಮ್ಮಲ್ಲಿದ್ದಾರೆ. ಆಫ್‌ಲೈನ್‌ನಲ್ಲಿ ಕೆಲಸ ಮಾಡದ ಆ್ಯಪ್‌ಗೆ ವರ್ಷದ ಚಂದಾ ಕಟ್ಟೋದು ಅವರಿಗೆ ದಂಡ. ನೆಟ್‌ವರ್ಕ್ ಚೆನ್ನಾಗಿದ್ದರೂ ಒಂದು ತೊಂದರೆ ಇದೆ. ನೋಡ್ತಾ ಇದ್ದರೆ ಎಲ್ಲಾ ಅರ್ಥವಾದ ಹಾಗೆ ಅನ್ಸುತ್ತೆ, ಮಾರನೇ ದಿನ ಏನೂ ಇರಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಮತ್ತೊಮ್ಮೆ ಓದೋಕೆ ಹೇಳಿದರು, ಕೆಲವರಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯೋಕೆ ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಸುಮಾರು ಶೇ 56 ನೆನಪಿಟ್ಟಿದ್ದರು, ಮತ್ತೆ ಓದಿದವರು ಶೇ 42. ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ಓದೋ ನಮಗೆ ಈ ಐದು ನಿಮಿಷದ ಗೆಲುವು ಚೆನ್ನಾಗಿ ಗೊತ್ತು.

ಹಾಗಾದ್ರೆ ಏನು ಇಟ್ಟುಕೊಳ್ಳಬೇಕು? ಅಣ್ಣ ಕೊನೆಗೆ ಉಳಿಸಿಕೊಂಡಿದ್ದು ನಾಲ್ಕೇ. ಒಂದು, ಕಂಪನಿ ಕೊಟ್ಟ ಮ್ಯಾನ್ಯುಯಲ್. ಎರಡು, ಅದನ್ನ ಓದಿ ತಾನೇ ಕೈಯಾರೆ ಬರೆದ ಕಾರ್ಡ್‌ಗಳು: ಮುಂದೆ ಪ್ರಶ್ನೆ, ಹಿಂದೆ ಉತ್ತರ ಮತ್ತು ಮ್ಯಾನ್ಯುಯಲ್ಲಿನ ಪುಟ. ಮೂರು, ಕಾಕ್‌ಪಿಟ್ಟಿನ ಕಾಗದದ ಪೋಸ್ಟರ್. ಅದನ್ನ ಗೋಡೆಗೆ ಅಂಟಿಸಿ, ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಪ್ರತಿಯೊಂದು ಸ್ವಿಚ್ಚಿಗೂ ಕೈ ಚಾಚಿ, ಹೇಳಬೇಕಾದ ಮಾತನ್ನ ಜೋರಾಗಿ ಹೇಳ್ತಾ ಅಭ್ಯಾಸ ಮಾಡ್ತಿದ್ದ. ನಾಲ್ಕನೆಯದು, ಪ್ರಶ್ನೆ ಕೇಳೋಕೆ ಒಬ್ಬ ಮನುಷ್ಯ.

ಆ ನಾಲ್ಕನೆಯದರ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಅಲ್ಲಿ ಕನ್ನಡ ಬರುತ್ತೆ. ಮಧ್ಯೆ ನಾಲ್ಕು ದಿನ ರಜೆಗೆ ಬಂದಾಗ ಅಣ್ಣ ಎ320ಯ ಹೈಡ್ರಾಲಿಕ್ಸನ್ನ ದೊಡ್ಡಪ್ಪನಿಗೆ ವಿವರಿಸೋಕೆ ಕೂತ. ಮೂರು ಲೈನು: ಹಸಿರು, ಹಳದಿ, ನೀಲಿ. ಮೂರರಲ್ಲೂ 3000 ಪಿಎಸ್‌ಐ ಒತ್ತಡ. ಹಸಿರಿಗೆ ಒಂದನೇ ಎಂಜಿನ್ನಿನ ಪಂಪು, ಹಳದಿಗೆ ಎರಡನೇ ಎಂಜಿನ್ನಿನ ಪಂಪು, ನೀಲಿಗೆ ಕರೆಂಟಿನ ಪಂಪು. ಹಸಿರು ಮತ್ತು ಹಳದಿ ಮಧ್ಯೆ ಒತ್ತಡದ ವ್ಯತ್ಯಾಸ 500 ಪಿಎಸ್‌ಐ ದಾಟಿದರೆ ಪಿಟಿಯು ಅನ್ನೋ ಯಂತ್ರ ಒಂದರಿಂದ ಇನ್ನೊಂದಕ್ಕೆ ಶಕ್ತಿ ಕೊಡುತ್ತೆ, ಆದರೆ ಎಣ್ಣೆ ಬೆರೆಯಲ್ಲ.

ಬೋರ್‌ವೆಲ್ ಪಂಪುಗಳ ಜೊತೆ ಜೀವನ ಕಳೆದವರು ಸುಮ್ಮನಿರ್ತಾರಾ? "ಎಣ್ಣೆ ಬೆರೆಯಲ್ಲ ಅಂದ್ರೆ ಒತ್ತಡ ಹೆಂಗ್ ದಾಟ್ತದೆ?" ಅಣ್ಣ ಒಂದು ನಿಮಿಷ ತಡವರಿಸಿದ. ಈ ಕಡೆ ಎಣ್ಣೆಯ ಒತ್ತಡ ಒಂದು ಮೋಟರ್ ತಿರುಗಿಸುತ್ತೆ, ಅದೇ ಶಾಫ್ಟಿಗೆ ಆ ಕಡೆಯ ಪಂಪ್ ಕೂಡಿಸಿದ್ದಾರೆ, ಅಷ್ಟೇ. ಮುಂದಿನ ಪ್ರಶ್ನೆ ಇನ್ನೂ ಚುರುಕು: "ಆ ಕಡೆ ಎಣ್ಣೆನೇ ಸೋರಿ ಖಾಲಿ ಆಗಿದ್ರೆ?" ಹಾಗಾದ್ರೆ ಅಲ್ಲಿ ತಳ್ಳೋಕೆ ಏನೂ ಇಲ್ಲ, ಪಿಟಿಯು ಆಫ್ ಮಾಡಬೇಕು. ಮೂರು ಆ್ಯಪ್‌ನಲ್ಲಿ ಓದಿದ್ದ ವಿಷಯ ಅವನಿಗೆ ನಿಜವಾಗಿ ಅರ್ಥವಾಗಿದ್ದು ಆ ಸಂಜೆ.

ತಪ್ಪು ತಿಳ್ಕೋಬೇಡಿ, ಕಾಕ್‌ಪಿಟ್ಟಿನಲ್ಲಿ ಕನ್ನಡ ಮಾತಾಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಹೇಳಬೇಕಾದ ಮಾತು ಇಂಗ್ಲಿಷಿನಲ್ಲೇ, ಅಕ್ಷರಶಃ ಮ್ಯಾನ್ಯುಯಲ್ಲಿನಲ್ಲಿ ಇದ್ದ ಹಾಗೇ ಇರಬೇಕು. ಪಕ್ಕದ ಸೀಟಿನವರು ಕಾಯ್ತಿರೋದು ಅದೇ ಪದಗಳಿಗೆ. ಆದರೆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಮನೆಮಾತಿನಲ್ಲಿ ವಿವರಿಸೋಕೆ ಹೋದಾಗ ಇಂಗ್ಲಿಷ್ ಪದಗಳ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ಉರು ಹೊಡೆದಿದ್ದು ಯಾವುದು, ತಿಳಿದಿದ್ದು ಯಾವುದು ಅಂತ ಅಲ್ಲೇ ಬೇರೆಯಾಗುತ್ತೆ.

"ಸೀನಿಯರ್ ನೋಟ್ಸ್ ಇಲ್ದೆ ಯಾರು ಪಾಸಾಗಿದಾರೆ ಗುರು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾವ ದಿನ ಏನಿರುತ್ತೆ, ಎಲ್ಲಿ ಎಲ್ಲರೂ ಎಡವುತ್ತಾರೆ ಅಂತ ತಿಳಿಯೋಕೆ ಸೀನಿಯರ್‌ಗಳನ್ನ ಖಂಡಿತ ಕೇಳಿ. ಆ ನೋಟ್ಸಿನಲ್ಲಿರುವ ಸಂಖ್ಯೆಯನ್ನ ಮಾತ್ರ ನಿಮ್ಮ ಮ್ಯಾನ್ಯುಯಲ್ಲಿನಲ್ಲಿ ನೋಡದೆ ನಂಬಬೇಡಿ. ಆ್ಯಪ್ ಬೇಕೇ ಬೇಕು ಅಂದ್ರೆ ಟ್ರೈನಿಂಗ್ ಶುರುವಾಗಿ ಯಾವ ವಿಮಾನ, ಯಾವ ಪುಸ್ತಕ ಅಂತ ಗೊತ್ತಾದ ಮೇಲೆ ಒಂದೇ ಒಂದು ತಗೊಳ್ಳಿ.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಕಳಕೊಂಡ ಎ320 ಹಡ್ಸನ್ ನದಿಯಲ್ಲಿ ಇಳಿಯಿತಲ್ಲ, ಕ್ಯಾಪ್ಟನ್ ಸಲ್ಲಿ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲಿದ್ದ ಜೆಫ್ರಿ ಸ್ಕೈಲ್ಸ್ ಬೇರೆ ವಿಮಾನಗಳಲ್ಲಿ ಸಾವಿರಾರು ಗಂಟೆ ಹಾರಿದ್ದರು, ಆದರೆ ಎ320ಯಲ್ಲಿ ಅವರ ಅನುಭವ 37 ಗಂಟೆ ಮಾತ್ರ. ಆಗಷ್ಟೇ ಟ್ರೈನಿಂಗ್ ಮುಗಿಸಿ ಬಂದಿದ್ದರು. ಕೈಯಲ್ಲಿದ್ದ ಸಮಯ ಸುಮಾರು ಮೂರೂವರೆ ನಿಮಿಷ. ಎರಡೂ ಎಂಜಿನ್ ನಿಂತಾಗ ಮಾಡಬೇಕಾದ ಚೆಕ್‌ಲಿಸ್ಟ್ ತುಂಬಾ ಎತ್ತರದಲ್ಲಿ ಹಾರುವಾಗಿನ ಸಂದರ್ಭಕ್ಕೆ ಬರೆದದ್ದು, ಮೂರು ಪುಟ. ಅದನ್ನ ಪೂರ್ತಿ ಮುಗಿಸೋಕೆ ಆಗಲಿಲ್ಲ, ಆದರೂ ಅವರು ಸರಿಯಾದ ಪುಟ ತೆಗೆದು ಸಾಲು ಸಾಲಾಗಿ ಮಾಡ್ತಾ ಹೋದರು. ವಿಮಾನದಲ್ಲಿದ್ದ 155 ಜನರೂ ಬದುಕಿದರು. ಅಂಥ ಹೊತ್ತಿನಲ್ಲಿ ಕೈಗೆ ಬರೋದು ಒಂದೇ ಪುಸ್ತಕ, ಅದೂ ಮೊದಲೇ ನೂರು ಸಲ ತಿರುವಿಹಾಕಿದ್ದರೆ.

ಅಣ್ಣ ಈಗ ಪರೀಕ್ಷೆ ಪಾಸಾಗಿ, ಹಿರಿಯ ಕ್ಯಾಪ್ಟನ್‌ಗಳ ಪಕ್ಕ ಕೂತು ಪ್ರಯಾಣಿಕರನ್ನ ಕರ್ಕೊಂಡು ಹೋಗೋ ಹಂತದಲ್ಲಿದ್ದಾನೆ. ಆ್ಯಪ್‌ಗಳ ಚಂದಾ ರದ್ದು ಮಾಡಿದ್ದಾನೆ. ಕೈಬರಹದ ಕಾರ್ಡ್ ಡಬ್ಬ ನಾನು ಕೇಳಿದೆ, ಕೊಡಲಿಲ್ಲ. "ನೀನೇ ಬರ್ಕೋ" ಅಂದ.

ನಮ್ಮ ಕ್ಯಾಂಪಸ್ಸಿನಲ್ಲಿ ಪೈಲಟ್ ಆಗೋ ಆಸೆ ಇರೋರಿಗೆ ಒಂದು ವಿನಂತಿ. ಡ್ರೈವ್ ಲಿಂಕ್ ಹಂಚಿಕೊಳ್ಳೋ ಬದಲು ವಾರಕ್ಕೊಂದು ಸಂಜೆ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳೋಣ, ಕನ್ನಡದಲ್ಲೇ ವಿವರಿಸೋಣ. ಥರ್ಮೋಡೈನಮಿಕ್ಸ್‌ನಿಂದಲೇ ಶುರು ಮಾಡಬಹುದು. ಬ್ಯಾರನ್ ಕೆಲಸ ಇಲ್ಲದ ದಿನ ದೊಡ್ಡಪ್ಪನನ್ನೂ ಕರೀತೀನಿ.