ಬಿಟ್ಟವರ ಜೊತೆ ಕೂತರೆ ಬಿಡುವುದು ಸುಲಭ
ಕುಡಿತ ಬಿಡುತ್ತೇನೆಂದು ದೇವರ ಮುಂದೆ ಆಣೆ ಇಟ್ಟವರು ವಾರದೊಳಗೆ ಮತ್ತೆ ಅಂಗಡಿ ಮುಂದೆ ನಿಂತರೆ ನಾವು ಬೈಯುತ್ತೇವೆ. ಆದರೆ ಅವರಿಗೆ ಬೇಕಾದದ್ದು ಅದೇ ಸಂಕಟ ದಾಟಿದವರ ಒಡನಾಟ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದದ್ದರಿಂದಲೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿತು. ಬೆಂಗಳೂರು, ಮಂಗಳೂರುಗಳಲ್ಲೂ ಅದರ ಸಭೆಗಳಿವೆ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ಆಯಿತು. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಹತ್ತಿರದ ಸಭೆ ಯಾವುದೆಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಿ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಹೋಗುವ ಮೊದಲು ದಿನ, ಹೊತ್ತು ಮತ್ತು ಅಲ್ಲಿ ಕನ್ನಡದಲ್ಲಿ ಮಾತು ನಡೆಯುತ್ತದೆಯೇ ಎಂಬುದನ್ನು ವಿಚಾರಿಸಿಕೊಳ್ಳಿ. ಮನೆಯವರು ಜೊತೆಗೆ ಬರುವುದಾದರೆ ಎಲ್ಲರಿಗೂ ತೆರೆದ ಸಭೆಯನ್ನೇ ಆರಿಸಿ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಬಳಗವೂ ಇದೆ. ಆದರೆ ವರ್ಷಗಟ್ಟಲೆ ದಿನಾ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮಣೆ ಬಂದು ಜೀವಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಲೇಬೇಕು. ಸಭೆ ಚಿಕಿತ್ಸೆಗೆ ಬದಲಿಯಲ್ಲ, ಅದರ ಜೊತೆಗಾರ. ಒಂದು ಸಭೆ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಿ. ನಡುವೆ ಮತ್ತೆ ಕುಡಿದುಬಿಟ್ಟಿರೆಂದು ನಾಚಿ ದೂರ ಉಳಿಯಬೇಡಿ. ಅಂಥ ದಿನಗಳನ್ನು ಕಂಡವರೇ ಅಲ್ಲಿರುವುದು. ಅವರು ನಿಮ್ಮನ್ನು ಹೀಯಾಳಿಸುವುದಿಲ್ಲ.