ರಾತ್ರಿ ಪಾಳಿಯ ರಾಯಭಾರಿ

ಒಂದು ದೇಶದ ಪರವಾಗಿ ಇನ್ನೊಂದು ದೇಶದಲ್ಲಿ ನಿಂತು ಮಾತನಾಡುವವರು ರಾಯಭಾರಿಗಳು. ಪ್ರಾಣಿಗಳಲ್ಲಿಯೂ ರಾಯಭಾರಿಗಳಿವೆ ಎಂದರೆ ನಂಬುತ್ತೀರಾ? ಅಮೆರಿಕದ ಅನೇಕ ಮೃಗಾಲಯಗಳಲ್ಲಿ ಕೆಲವು ಪ್ರಾಣಿಗಳನ್ನು ಜನರ ನಡುವೆ ಇರಲು ಪಳಗಿಸಿ, ಶಾಲಾ ಮಕ್ಕಳ ಎದುರಿಗೆ ತರುತ್ತಾರೆ. ಕಾಡಿನಲ್ಲಿರುವ ತನ್ನ ಬಳಗದ ಪರವಾಗಿ ನಿಲ್ಲುವ ಈ ಪ್ರಾಣಿಗೆ ‘ರಾಯಭಾರಿ ಪ್ರಾಣಿ’ ಎಂದೇ ಹೆಸರು. ಈ ಕೆಲಸಕ್ಕೆ ಅವರು ಆರಿಸಿಕೊಂಡ ಪ್ರಾಣಿಗಳಲ್ಲಿ ಮುಳ್ಳುಹಂದಿಯೂ ಒಂದು.

ಮುಳ್ಳುಹಂದಿ ನಮಗೆ ಹೊಸಬನಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡು ಅದಕ್ಕೆ ಒಗ್ಗುವ ನೆಲೆ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದಲ್ಲಿ ಕರಡಿ, ಚಿರತೆಗಳ ಜೊತೆಗೆ ಮುಳ್ಳುಹಂದಿಯೂ ಇದೆ. ಆದರೆ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಕತ್ತಲಾದ ಮೇಲೆ ಬಿಲದಿಂದ ಹೊರಟು, ಬೆಳಗಾಗುವುದರೊಳಗೆ ಹಿಂದಿರುಗುವ ಪ್ರಾಣಿ ಅದು. ಹೊಲದಲ್ಲಿ ಕೆದರಿದ ಮಣ್ಣು, ದಾರಿಯಲ್ಲಿ ಬಿದ್ದ ಕಪ್ಪು-ಬಿಳಿ ಪಟ್ಟೆಯ ಮುಳ್ಳು, ಇಷ್ಟೇ ಅದರ ಗುರುತು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮುಳ್ಳುಹಂದಿ ಹಂದಿಯಲ್ಲ. ಇಲಿ, ಅಳಿಲುಗಳಂತೆ ಅದೂ ದಂಶಕ. ಈ ತಪ್ಪು ನಮ್ಮದೊಂದೇ ಅಲ್ಲ. ಇಂಗ್ಲಿಷಿನ ‘ಪಾರ್ಕುಪೈನ್’ ಎಂಬ ಹೆಸರಿನ ಮೂಲದಲ್ಲಿಯೂ ಹಂದಿ ಮತ್ತು ಮುಳ್ಳು ಎಂಬ ಅರ್ಥದ ಲ್ಯಾಟಿನ್ ಪದಗಳೇ ಇವೆ. ಹತ್ತು ಕಿಲೋಗೂ ಮೀರಿ ತೂಗುವ ಈ ದೊಡ್ಡ ದಂಶಕದ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ಏನನ್ನಾದರೂ ಕಡಿದು ಅವನ್ನು ಸವೆಸುತ್ತಿರಬೇಕು. ಕಾಡಿನಲ್ಲಿ ಬಿದ್ದ ಮೂಳೆ, ಜಿಂಕೆಯ ಕೊಂಬುಗಳನ್ನು ಅದು ಕಡಿಯುವುದರಿಂದ ಹಲ್ಲು ಸವೆಯುತ್ತದೆ, ಸುಣ್ಣದ ಅಂಶವೂ ದೊರೆಯುತ್ತದೆ.

ಮುಳ್ಳುಹಂದಿ ಬಾಣದಂತೆ ಮುಳ್ಳು ಹೊಡೆಯುತ್ತದೆ ಎಂಬ ಮಾತೂ ಸುಳ್ಳು. ಮುಳ್ಳು ಎಂದರೆ ಗಟ್ಟಿಯಾದ ಕೂದಲು. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದದ್ದು. ಹೆದರಿದಾಗ ಮುಳ್ಳುಗಳನ್ನು ನಿಮಿರಿಸಿ, ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಆಡಿಸಿ ಎಚ್ಚರಿಕೆ ಕೊಡುತ್ತದೆ. ಅದಕ್ಕೂ ಬಗ್ಗದಿದ್ದರೆ ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ. ಆಗ ಸಡಿಲವಾದ ಮುಳ್ಳು ಶತ್ರುವಿನ ಮೈಯಲ್ಲಿ ಉಳಿಯುತ್ತದೆ. ಜಿಮ್ ಕಾರ್ಬೆಟ್ ಬರೆದ ಮುಕ್ತೇಸರದ ನರಭಕ್ಷಕ ಹೆಣ್ಣುಹುಲಿ ಮುಳ್ಳುಹಂದಿಯ ತಂಟೆಗೆ ಹೋಗಿ ಒಂದು ಕಣ್ಣು ಕಳೆದುಕೊಂಡಿತ್ತು. ಇದೇ ಮುಳ್ಳಿಗೆ ನಮ್ಮಲ್ಲಿ ಮಂಗಳದ ಸ್ಥಾನವೂ ಉಂಟು. ಗರ್ಭಿಣಿಯ ಬೈತಲೆ ತೆಗೆಯುವ ಸೀಮಂತದ ವಿಧಿಗೆ ಹಳೆಯ ಗೃಹ್ಯಸೂತ್ರಗಳು ಹೇಳುವುದು ಮುಳ್ಳುಹಂದಿಯ ಮುಳ್ಳನ್ನೇ.

ಇಷ್ಟಿದ್ದರೂ ರೈತನಿಗೆ ಅದು ಬೇಡದ ಅತಿಥಿ. ಗೆಡ್ಡೆ-ಬೇರು ಅಗೆದು ತಿನ್ನುವ ಪ್ರಾಣಿಗೆ ಮಣ್ಣಿನೊಳಗಿನ ಶೇಂಗಾ ಹಬ್ಬದೂಟ. ಸಾಲ ಮಾಡಿ ಬಿತ್ತಿದವನ ಸಂಕಟವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಉರುಳು, ವಿದ್ಯುತ್ ತಂತಿ ಇದಕ್ಕೆ ಮದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಳ್ಳುಹಂದಿಯ ಬೇಟೆ ಅಪರಾಧ. ಮೇಲಾಗಿ ತಂತಿಗೆ ದನ ಯಾವುದು, ಮನುಷ್ಯ ಯಾರು ಎಂಬ ಭೇದ ತಿಳಿಯದು. ಬೇಲಿಯ ಕೆಳಗೆ ತೋಡಿ ನುಸುಳುವ ಪ್ರಾಣಿಗೆ, ಬುಡವನ್ನು ಮಣ್ಣಿನೊಳಗೆ ಆಳವಾಗಿ ಹೂತ ಬಲೆಬೇಲಿಯೇ ಸರಿಯಾದ ತಡೆ.

ಅದರ ಅಗೆತದಿಂದ ಉಪಕಾರವೂ ಇದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿಯೂ ನಮ್ಮ ಜಾತಿಯ ಮುಳ್ಳುಹಂದಿಯೇ ಇದೆ. ಅದು ತೋಡಿಬಿಟ್ಟ ಕುಳಿಗಳಲ್ಲಿ ಮಳೆನೀರು, ಗಾಳಿ ತಂದ ಮಣ್ಣು, ಬೀಜ ಸೇರಿ, ಸುತ್ತಲಿನ ನೆಲಕ್ಕಿಂತ ಹೆಚ್ಚು ಸಸ್ಯಗಳು ಬೆಳೆಯುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮಳೆ ಕಡಿಮೆಯಾದ ನಮ್ಮ ಸೀಮೆಯ ಗುಡ್ಡಗಳಲ್ಲಿ ಇಂಥ ಕುಳಿಗಳನ್ನು ಗಮನಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು. ಬಿದ್ದ ಮುಳ್ಳು ಕಂಡರೆ ಅಳೆಯಿರಿ, ಚಿತ್ರ ಬರೆದುಕೊಳ್ಳಿರಿ. ಅಲ್ಲಿಯೇ ಬಿಟ್ಟು ಬನ್ನಿರಿ. ಬಿಲದ ಒಳಗೆ ಕೈಯನ್ನಾಗಲಿ ಕೋಲನ್ನಾಗಲಿ ಹಾಕಬೇಡಿ.

ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯುವ ತಂದೆ-ತಾಯಿಯರಿಗೂ ಒಂದು ಮಾತು. ನಾವು ಹೋಗುವುದು ಹಗಲಿನಲ್ಲಿ. ರಾತ್ರಿ ಪಾಳಿಯ ಈ ರಾಯಭಾರಿಗೆ ಅದು ನಿದ್ದೆಯ ಹೊತ್ತು. ಮೂಲೆಯಲ್ಲಿ ಮುದುಡಿ ಮಲಗಿದ ಮುಳ್ಳುಹಂದಿಯನ್ನು ಎಬ್ಬಿಸಲು ಕೂಗುವುದು, ಕಡ್ಡಿ ಎಸೆಯುವುದು ಬೇಡ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗದ್ದಲದಿಂದ ಕಾಡುವುದು, ತಿನಿಸು ಹಾಕುವುದು ಅದೇ ಕಾಯ್ದೆಯ ಪ್ರಕಾರ ನಿಷಿದ್ಧ. ಅದು ಮಲಗಿರಲಿ. ಅದರ ಪರವಾಗಿ ನಾಲ್ಕು ನಿಜದ ಮಾತು ಹೇಳುವ ಕೆಲಸವನ್ನು ಅಷ್ಟು ಹೊತ್ತು ನೀವೇ ಮಾಡಬಹುದು.