ನೆರಳಿನ ಬೆಲೆ

ಕ್ರಿಸ್‌ಮಸ್ ರಜೆಯಲ್ಲಿ ಎರಡು ದಿನದ ಮಟ್ಟಿಗೆ ಚಿಕ್ಕಮಗಳೂರಿನ ಕಡೆಗೆ ಹೋಗಿದ್ದೆ. ಉತ್ತರಪತ್ರಿಕೆಗಳನ್ನು ತಿದ್ದಿ ದಣಿದ ಕಣ್ಣಿಗೆ ಒಂದಿಷ್ಟು ಹಸಿರು ಬೇಕಾಗಿತ್ತು. ಅದಕ್ಕಿಂತ ಘನವಾದ ಉದ್ದೇಶವೇನೂ ಇರಲಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಏರುವ ದಾರಿಯಲ್ಲಿ ತಿರುವು ತಿರುವಿಗೂ ನನ್ನಂಥವರ ವಾಹನಗಳು ನಿಂತಿದ್ದವು. 2025ರಲ್ಲಿ ಜಿಲ್ಲಾಡಳಿತವು ಇಲ್ಲಿಗೆ ಬರುವವರಿಗೆ ಮುಂಗಡ ನೋಂದಣಿಯ ಕಟ್ಟಳೆಯನ್ನು ವಿಧಿಸಿದುದೇಕೆ ಎಂಬುದು ಯಾರೂ ವಿವರಿಸದೆಯೇ ಅರ್ಥವಾಯಿತು.

ಇಳಿದುಕೊಂಡದ್ದು ಒಬ್ಬ ಸಣ್ಣ ಬೆಳೆಗಾರರ ಮನೆಯಲ್ಲಿ. ಕಣದಲ್ಲಿ ಹಣ್ಣು ಒಣಗುತ್ತಿತ್ತು. “ಈಗ ಬೆಲೆ ಚೆನ್ನಾಗಿದೆಯಂತಲ್ಲ?” ಎಂದೆ. “ಚೆನ್ನಾಗಿದೆ ಮೇಷ್ಟ್ರೇ. ಅದೇ ಹೆದರಿಕೆ” ಎಂದರು. ಸಮಾಸವನ್ನು ಬಿಡಿಸುವ ಅಭ್ಯಾಸವಿರುವ ನನಗೂ ಈ ಮಾತು ಒಡನೆಯೇ ಬಿಡಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ಈ ಗಿರಿಗೆ ತಂದರೆಂಬುದು ಐತಿಹ್ಯ. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. 1942ರ ಶಾಸನದ ಮೇರೆಗೆ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿತು. 1996ರ ವೇಳೆಗೆ ಮಾರುಕಟ್ಟೆ ಪೂರ್ಣವಾಗಿ ಮುಕ್ತವಾಯಿತು. ಆದರೆ ಶತಮಾನ ಹೊರಳುವಷ್ಟರಲ್ಲಿ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಕುಸಿದು ಬಿತ್ತು. ಅನೇಕ ಮನೆಗಳು ಅತಿಥಿಗಳಿಗೆ ಕೋಣೆ ತೆರೆದದ್ದು ಆ ಕಷ್ಟಕಾಲದಲ್ಲಿ. ನಾನು ಮಲಗಿದ್ದ ಕೋಣೆಯೂ ಅಂಥದೇ.

ಈಗ ಚಕ್ರ ತಿರುಗಿದೆ. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾದ ಬೆಲೆ ಪೌಂಡಿಗೆ ನಾಲ್ಕು ಡಾಲರನ್ನು ದಾಟಿತು. ರೊಬಸ್ಟಾ ಕೂಡ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಭಯದ ಮೂಲ ಇಲ್ಲಿದೆ. ಅರೇಬಿಕಾ ದಟ್ಟವಾದ ನೆರಳನ್ನು ಬೇಡುವ ಗಿಡ. ಕಾಂಡಕೊರಕದ ಕಾಟವೂ ಅದಕ್ಕೇ ಹೆಚ್ಚು. ರೊಬಸ್ಟಾ ಗಟ್ಟಿ ಜೀವದ್ದು, ಹೆಚ್ಚು ಫಲ ಕೊಡುವಂಥದು, ತೆಳು ನೆರಳಿನಲ್ಲೂ ಬಾಳುವಂಥದು. ಎರಡರ ಬೆಲೆಯೂ ಹತ್ತಿರ ಹತ್ತಿರ ಬಂದರೆ ಲೆಕ್ಕ ಬಲ್ಲವನು ಯಾವುದನ್ನು ನೆಡುತ್ತಾನೆ? ವರ್ಷವರ್ಷವೂ ಕೊಂಬೆ ಸವರುವ ಮರಗಸಿಯಲ್ಲಿ ಕತ್ತಿ ಇನ್ನೊಂದು ಮೊಳ ಮುಂದಕ್ಕೆ ಹೋಗುತ್ತದೆ. ಕಾಡುಮರಗಳ ಸ್ಥಾನದಲ್ಲಿ, ಬೇಗ ಬೆಳೆದು ಬೇಗ ಹಣವಾಗುವ ಸಿಲ್ವರ್ ಓಕ್ ನಿಲ್ಲುತ್ತದೆ. ಹೂಮಳೆ ತಪ್ಪಿದ ವರ್ಷ ರೊಬಸ್ಟಾಕ್ಕೆ ಹಳ್ಳದ ನೀರನ್ನು ಎತ್ತಿ ಹಾಯಿಸಬೇಕಾಗುತ್ತದೆ.

ಬೆಟ್ಟದ ಮಣ್ಣನ್ನು ಹಿಡಿದಿರುವುದು ಬೇರು. ಮಳೆಯ ಪೆಟ್ಟನ್ನು ಮೊದಲು ತಾಳುವುದು ಎಲೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರಲ್ಲಿ ಮೂಡಿಗೆರೆಯ ಸೀಮೆಯಲ್ಲಿ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡಗಳು ಜಾರಿದುವು. ಆ ಅನಾಹುತಗಳ ಹೊಣೆಯನ್ನು ಕಾಫಿಯ ತಲೆಗೆ ಕಟ್ಟುವುದು ಅನ್ಯಾಯ. ವಿಪರೀತವಾದ ಮಳೆ ಸುರಿದಿತ್ತು. ಆದರೆ ಇಳಿಜಾರನ್ನು ಕಡಿದು ರಸ್ತೆಯನ್ನೂ ವಸತಿಗೃಹಗಳನ್ನೂ ಮಾಡುತ್ತ ಹೋದರೆ ಅಂಥ ಮಳೆಯನ್ನು ತಾಳುವ ಶಕ್ತಿ ಬೆಟ್ಟಕ್ಕೆ ಉಳಿಯುವುದಿಲ್ಲ. ಆ ವಸತಿಗೃಹಗಳು ಯಾರಿಗಾಗಿ ಎಂದು ಕೇಳಿಕೊಂಡರೆ, ಹಸಿರನ್ನು ಅರಸಿ ಹೋದ ನನ್ನ ಮುಖವೇ ಕನ್ನಡಿಯಲ್ಲಿ ಕಾಣುತ್ತದೆ.

ಪೇಟೆಯು ಬೀಜಕ್ಕೆ ಬೆಲೆ ಕಟ್ಟುತ್ತದೆ, ಪ್ರವಾಸಿಯು ನೋಟಕ್ಕೆ ಬೆಲೆ ಕೊಡುತ್ತಾನೆ. ಇವೆರಡನ್ನೂ ಸಾಧ್ಯಗೊಳಿಸಿದ ನೆರಳಿಗೆ ಮಾತ್ರ ಯಾರೂ ಕೊಡುವುದಿಲ್ಲ. ಕಾಡುಮರವನ್ನು ಉಳಿಸಿಕೊಂಡ ಬೆಳೆಗಾರನಿಗೆ ಸಹಾಯಧನ ಕೊಡಬೇಕು. ನಮ್ಮಂಥವರಿಂದ ವಸೂಲಾಗುವ ಶುಲ್ಕದ ಒಂದು ಪಾಲು ಅದಕ್ಕೆ ಸಲ್ಲಲಿ. ಕಡಿದಾದ ಇಳಿಜಾರಿನಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ನಿಲ್ಲಲಿ. ಬೆಲೆ ಬಿದ್ದಾಗ ಇಂಥ ಮಾತು ಆಡಿದರೆ ಹೊಟ್ಟೆಯ ಮೇಲೆ ಹೊಡೆದಂತಾಗುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಈ ಕಾಲವೇ ಇದಕ್ಕೆ ತಕ್ಕ ಕಾಲ.

ಹೊರಡುವ ಬೆಳಿಗ್ಗೆ ಆ ಹಿರಿಯರು ತಮ್ಮ ತಂದೆ ಉಳಿಸಿದ್ದ ಮತ್ತಿಮರವೊಂದನ್ನು ತೋರಿಸಿದರು. “ನನ್ನ ಕಾಲಕ್ಕೆ ಇದು ಇರುತ್ತದೆ. ಮಗನ ಮಾತು ನಾನು ಹೇಳಲಾರೆ” ಎಂದರು. ಮಗ ಬೆಂಗಳೂರಿನಲ್ಲಿದ್ದಾನೆ. ನನ್ನಂತೆಯೇ, ರಜೆಗೆ ಬರುತ್ತಾನಂತೆ.